ಹಿತಾಸಕ್ತಿ ಘೋಷಣೆ ವಾಪಸ್ ಬರದಂತೆ ತುಂಬುವುದು ಹೇಗೆ: ಸರ್ಕಾರಿ ಸಂಸ್ಥೆಗಳಿಗೆ ಸಲಹೆ ಕೊಡುವ ಆರೋಗ್ಯ ಕನ್ಸಲ್ಟೆಂಟರಿಗೆ ಸಮಗ್ರ ಮಾರ್ಗದರ್ಶಿ

ಸರ್ಕಾರಿ ಸಂಸ್ಥೆಗೆ ಸಲಹೆ ಕೊಡುವ ಮೊದಲು, ಆ ವಿಷಯದಲ್ಲಿ ಯಾರ್ಯಾರ ಜೊತೆ ದುಡ್ಡಿನ ಅಥವಾ ಬೇರೆ ಸಂಬಂಧ ಇದೆ ಅಂತ ಬರೆದುಕೊಡುವುದೇ ಹಿತಾಸಕ್ತಿ ಘೋಷಣೆ. ಅದರ ಫಾರಂ ಚಿಕ್ಕದು. ನಾಲ್ಕೈದು ಪುಟ, ಹತ್ತು ಹದಿನೈದು ಪ್ರಶ್ನೆ. ಆದರೂ ಇದು ವಾಪಸ್ ಬರುವಷ್ಟು ಸಲ ಬೇರೆ ಯಾವ ಕಾಗದವೂ ಬರುವುದಿಲ್ಲ. ನಾನು ಇಂಥ ಘೋಷಣೆಗಳನ್ನು ತುಂಬಿದ್ದೇನೆ. ಬೇರೆಯವರು ತುಂಬಿದ್ದನ್ನು ಪರಿಶೀಲಿಸುವ ಕಡೆಯೂ ಕೂತಿದ್ದೇನೆ. ಎರಡೂ ಕಡೆ ಕಂಡ ತಪ್ಪು ಒಂದೇ. ಫಾರಂ ತೆರೆದ ಕೂಡಲೇ ಜನ ತಮ್ಮ ಬಗ್ಗೆ ತಾವೇ ತೀರ್ಪು ಕೊಟ್ಟುಕೊಳ್ಳುತ್ತಾರೆ. "ಆ ಕಂಪನಿಯಿಂದ ದುಡ್ಡು ಬಂದಿತ್ತು ನಿಜ. ಆದರೆ ಅದರಿಂದ ನನ್ನ ಅಭಿಪ್ರಾಯ ಬದಲಾಗಿಲ್ಲ. ಹಾಗಾಗಿ ಬರೆಯುವುದು ಬೇಡ."

ನಿಮ್ಮ ಅಭಿಪ್ರಾಯ ಬದಲಾಯಿತೋ ಇಲ್ಲವೋ ಅಂತ ಆ ಫಾರಂ ಎಲ್ಲೂ ಕೇಳಿರುವುದಿಲ್ಲ, ಬೇಕಾದರೆ ಮತ್ತೊಮ್ಮೆ ಓದಿ ನೋಡಿ. ದುಡ್ಡು ಬಂದಿತ್ತಾ, ಯಾರಿಂದ, ಯಾವಾಗ, ಎಷ್ಟು ಅಂತ ಮಾತ್ರ ಕೇಳಿರುತ್ತದೆ. ಹಿತಾಸಕ್ತಿ ಏನೇನಿದೆ ಅಂತ ಹೇಳುವುದು ನಿಮ್ಮ ಕೆಲಸ. ಅದು ಸಂಘರ್ಷವಾ, ಅಂದರೆ ನಿಮ್ಮ ಸಲಹೆಗೆ ಅಡ್ಡ ಬರುವಂಥದ್ದಾ ಅಲ್ವಾ ಅಂತ ತೀರ್ಮಾನಿಸುವುದು ಸಲಹೆ ಕೇಳಿದ ಸಂಸ್ಥೆಯ ಕೆಲಸ. ಈ ಎರಡನ್ನು ಬೆರೆಸದೆ ಇದ್ದರೆ ಕೆಳಗಿನ ಹಂತಗಳು ಸಲೀಸು.

ಶುರು ಮಾಡುವ ಮೊದಲು ಮೇಜಿನ ಮೇಲೆ ಇರಬೇಕಾದವು

ನಿಮಗೆ ಬಂದಿರುವ ಕೆಲಸದ ವಿವರಣೆ ಅಥವಾ ಕರಾರಿನ ಕರಡು. ಆ ಸಂಸ್ಥೆಯ ಹಿತಾಸಕ್ತಿ ನಿಯಮದ ಪೂರ್ತಿ ಪಠ್ಯ, ಬರೀ ಫಾರಂ ಸಾಲದು. ಹಿಂದಿನ ಐದು ವರ್ಷದ ಬ್ಯಾಂಕ್ ಸ್ಟೇಟ್‌ಮೆಂಟ್ ಮತ್ತು ತೆರಿಗೆ ರಿಟರ್ನ್. ನೀವು ಕಳಿಸಿದ ಇನ್‌ವಾಯ್ಸ್‌ಗಳು. ಅದೇ ಅವಧಿಯ ಕ್ಯಾಲೆಂಡರ್. ಷೇರು ಖಾತೆಯ ಸ್ಟೇಟ್‌ಮೆಂಟ್. ನಿಮ್ಮ ಇತ್ತೀಚಿನ ಬಯೋಡೇಟಾ. ಸಹಿ ಮಾಡಿರುವ ಗೌಪ್ಯತೆ ಒಪ್ಪಂದಗಳು. ಜೊತೆಗೆ ಒಂದು ಖಾಲಿ ಎಕ್ಸೆಲ್ ಶೀಟ್.

ಮೊದಲ ಸಲಕ್ಕೆ ಒಂದು ಪೂರ್ತಿ ಮಧ್ಯಾಹ್ನ ಹಿಡಿಯುತ್ತದೆ. ಶೀಟ್ ಸಿದ್ಧವಾದ ಮೇಲೆ ಮುಂದಿನ ಫಾರಂಗೆ ಅರ್ಧ ಗಂಟೆ ಸಾಕು. ನೆನಪಿನಿಂದ ತುಂಬಲು ಮಾತ್ರ ಹೋಗಬೇಡಿ. ನೆನಪು ಸಣ್ಣ ಮೊತ್ತಗಳನ್ನು ಮೊದಲು ಮರೆಯುತ್ತದೆ, ಆಮೇಲೆ ಪೇಚಿಗೆ ಸಿಕ್ಕಿಸುವುದೂ ಅವೇ.

ಹಂತ 1: ಈ ಕೆಲಸದಿಂದ ಯಾರಿಗೆ ಲಾಭ, ಯಾರಿಗೆ ನಷ್ಟ ಅಂತ ಪಟ್ಟಿ ಮಾಡಿ

ಎಲ್ಲರೂ ನೇರವಾಗಿ ಫಾರಂ ತೆರೆಯುತ್ತಾರೆ. ಬೇಡ. ಮೊದಲು ನಿಮ್ಮಿಂದ ಕೇಳಿರುವ ಸಲಹೆ ಏನು ಅಂತ ಒಂದು ವಾಕ್ಯದಲ್ಲಿ ಬರೆಯಿರಿ. ಅದರ ಕೆಳಗೆ ಆ ಸಲಹೆಯಿಂದ ಯಾರ ಜೇಬಿಗೆ ಏನಾಗುತ್ತದೆ ಅಂತ ಬರೆಯುತ್ತಾ ಹೋಗಿ.

ಸರ್ಕಾರಿ ಆಸ್ಪತ್ರೆಗಳಿಗೆ ಡಯಾಲಿಸಿಸ್ ಯಂತ್ರ ಕೊಳ್ಳಲು ತಾಂತ್ರಿಕ ಮಾನದಂಡ ಬರೆದುಕೊಡಿ ಅಂತ ಕೇಳಿದ್ದಾರೆ ಎಂದುಕೊಳ್ಳಿ. ಯಂತ್ರ ತಯಾರಿಸುವ ಕಂಪನಿಗಳು ಎಲ್ಲರಿಗೂ ಹೊಳೆಯುತ್ತವೆ. ಅಲ್ಲಿಗೆ ನಿಲ್ಲಿಸಬೇಡಿ. ರಕ್ತ ಸೋಸುವ ಡಯಲೈಸರ್ ಮತ್ತು ಟ್ಯೂಬ್ ಮಾರುವವರು ಇದ್ದಾರೆ. ನೀರು ಶುದ್ಧ ಮಾಡುವ ಘಟಕ ಹಾಕುವವರು ಇದ್ದಾರೆ. ಯಂತ್ರಗಳ ನಿರ್ವಹಣೆ ಗುತ್ತಿಗೆದಾರರು ಇದ್ದಾರೆ. ಡಯಾಲಿಸಿಸ್ ರೋಗಿಗಳಿಗೆ ರಕ್ತಹೀನತೆಗೆಂದು ಕೊಡುವ ಎರಿಥ್ರೊಪೊಯೆಟಿನ್ ಔಷಧದ ತಯಾರಕರು ಇದ್ದಾರೆ. ಇನ್ನು ನಷ್ಟವಾಗುವವರ ಸಾಲು: ಖಾಸಗಿ ಡಯಾಲಿಸಿಸ್ ಕೇಂದ್ರಗಳು, ಹೊಟ್ಟೆಯ ಮೂಲಕ ಮನೆಯಲ್ಲೇ ಮಾಡುವ ಪೆರಿಟೋನಿಯಲ್ ಡಯಾಲಿಸಿಸ್ ದ್ರಾವಣ ಮಾರುವವರು.

ನಷ್ಟವಾಗುವವರ ಪಟ್ಟಿ ಯಾಕೆ ಅಂತ ಕೇಳಬಹುದು. ಪ್ರತಿಸ್ಪರ್ಧಿಯಿಂದ ಸಂಬಳ ಪಡೆದವರು ಒಂದು ಯಂತ್ರವನ್ನು ಬೇಡ ಅಂದರೂ ಅದು ಹಿತಾಸಕ್ತಿಯೇ ಅಲ್ವಾ?

ಇಲ್ಲಿ ಕಾಣುವ ಎಚ್ಚರಿಕೆಯ ಲಕ್ಷಣ ಒಂದಿದೆ. ಪಟ್ಟಿಯಲ್ಲಿ ಮೂರೇ ಹೆಸರು ಬಂದಿದ್ದರೆ ನೀವು ಅವಸರ ಮಾಡಿದ್ದೀರಿ.

ಹಂತ 2: ನಿಯಮದಲ್ಲಿ ನಾಲ್ಕು ಉತ್ತರ ಹುಡುಕಿ

ನಿಯಮದ ಪಠ್ಯ ಓದುವಾಗ ಈ ನಾಲ್ಕನ್ನು ಗುರುತು ಹಾಕಿಕೊಳ್ಳಿ. ಎಷ್ಟು ಹಿಂದಿನವರೆಗೆ ಹೇಳಬೇಕು? ಎಷ್ಟು ಮೊತ್ತದ ಮೇಲೆ ಹೇಳಬೇಕು? ಕುಟುಂಬದಲ್ಲಿ ಯಾರ್ಯಾರದ್ದು ಹೇಳಬೇಕು? ತುಂಬಿದ್ದನ್ನು ಯಾರು ಓದುತ್ತಾರೆ?

ಉತ್ತರ ಸಂಸ್ಥೆಯಿಂದ ಸಂಸ್ಥೆಗೆ ಬೇರೆ. ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ಫಾರಂ ಉದ್ಯೋಗ ಮತ್ತು ಸಲಹಾ ಶುಲ್ಕದ ವಿಷಯದಲ್ಲಿ 4 ವರ್ಷ ಹಿಂದಕ್ಕೆ ಹೋಗುತ್ತದೆ. ಹೂಡಿಕೆಯ ಪ್ರಶ್ನೆಯಲ್ಲಿ ಒಟ್ಟು 5,000 ಡಾಲರ್ ಮೀರಿದ್ದನ್ನು ಕೇಳುತ್ತದೆ. ತಂಬಾಕು ಉದ್ಯಮದ ಸಂಬಂಧಕ್ಕೆ ಪ್ರತ್ಯೇಕ ಪ್ರಶ್ನೆಯೇ ಇದೆ, ನಿಮ್ಮ ವಿಷಯಕ್ಕೂ ತಂಬಾಕಿಗೂ ಸಂಬಂಧವಿರಲಿ ಬಿಡಲಿ. ಅಮೆರಿಕ ಸರ್ಕಾರದ ವಿಶೇಷ ನೌಕರರಾಗಿ ನೇಮಕವಾಗುವ ಸಲಹೆಗಾರರು ತುಂಬುವ ಒಜಿಇ 450, ಅಂದರೆ ಅಲ್ಲಿನ ಸರ್ಕಾರಿ ನೈತಿಕತೆ ಕಚೇರಿಯ ಫಾರಂ, ಹೊಸಬರಿಂದ ಹಿಂದಿನ 12 ತಿಂಗಳ ಲೆಕ್ಕ ಕೇಳುತ್ತದೆ, ಆದರೆ ಆಸ್ತಿಯ ಮಿತಿ ಬರೀ 1,000 ಡಾಲರ್. ವೈದ್ಯಕೀಯ ಪತ್ರಿಕೆಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿಯ, ಅಂದರೆ ಐಸಿಎಂಜೆಇಯ ಫಾರಂ 36 ತಿಂಗಳು ಕೇಳುತ್ತದೆ. ಹಾಗಾಗಿ ಒಂದು ಕಡೆ "ಇಲ್ಲ" ಅಂತ ಸರಿಯಾಗಿಯೇ ಬರೆದ ಉತ್ತರ ಇನ್ನೊಂದು ಕಡೆ ಸುಳ್ಳಾಗುತ್ತದೆ. ಹಳೆಯ ಫಾರಂನಿಂದ ಕಾಪಿ ಮಾಡುವ ಅಭ್ಯಾಸ ಬಿಡಿ.

ನನ್ನ ಸಲಹೆ ಕೇಳಿದರೆ, ನಿಮ್ಮ ಶೀಟಿನಲ್ಲಿ ಐದು ವರ್ಷದ್ದು ಇರಲಿ, ಮಿತಿ ಸೊನ್ನೆ ಇರಲಿ. ಪ್ರತಿ ಫಾರಂಗೆ ಬೇಕಾದಷ್ಟನ್ನು ಅದರಿಂದ ಆರಿಸಿಕೊಳ್ಳಬಹುದು.

ಕುಟುಂಬದ ವಿಷಯದಲ್ಲಿ ಸಂಗಾತಿ ಮತ್ತು ಮಕ್ಕಳು ಸಾಮಾನ್ಯವಾಗಿ ಬರುತ್ತಾರೆ. ಅಮೆರಿಕದ ಕಾನೂನು ಇನ್ನೂ ಮುಂದೆ ಹೋಗುತ್ತದೆ. ನೀವು ನಿರ್ದೇಶಕರೋ ಟ್ರಸ್ಟಿಯೋ ಆಗಿರುವ ಸಂಸ್ಥೆಯ ಹಿತಾಸಕ್ತಿಯೂ ನಿಮ್ಮದೇ ಅಂತ ಲೆಕ್ಕ. ನಾಳೆ ಕೆಲಸಕ್ಕೆ ಸೇರಲು ಮಾತುಕತೆ ನಡೆಸುತ್ತಿರುವ ಕಂಪನಿಯದ್ದೂ ಹಾಗೆಯೇ. ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ, ಯಾಕೆಂದರೆ ಇನ್ನೂ ಒಂದು ಪೈಸೆ ಕೈಗೆ ಬಂದಿರುವುದಿಲ್ಲ.

ಕೊನೆಯದು, ಓದುವವರು ಯಾರು. ಒಜಿಇ 450 ಗೌಪ್ಯ. ಯುರೋಪಿನ ಔಷಧ ನಿಯಂತ್ರಣ ಸಂಸ್ಥೆ ಇಎಂಎ ತನ್ನ ತಜ್ಞರ ಘೋಷಣೆಗಳನ್ನು ವೆಬ್‌ಸೈಟಿನಲ್ಲೇ ಹಾಕುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಸಲಹಾ ಸಭೆಗೆ ಬರುವ ತಜ್ಞರ ಹೆಸರು, ಪರಿಚಯಗಳನ್ನು ಮೊದಲೇ ಪ್ರಕಟಿಸಿ ಜನರ ಅಭಿಪ್ರಾಯ ಕೇಳುವ ಪದ್ಧತಿ ಇಟ್ಟುಕೊಂಡಿದೆ. ಪ್ರಕಟವಾಗುವುದಾದರೆ ಮನೆಯವರ ಹೆಸರು ಬರೆಯುವ ಮುನ್ನ ಅವರಿಗೆ ಒಂದು ಮಾತು ಹೇಳಿ.

ಹಂತ 3: ರಿಜಿಸ್ಟರ್ ಮಾಡಿ

ಇಡೀ ಕೆಲಸದ ಬೆನ್ನೆಲುಬು ಇದು. ಶೀಟಿನಲ್ಲಿ ಏಳು ಕಾಲಂ ಹಾಕಿ: ಕೊಟ್ಟವರು, ಅವರ ಹಿಂದೆ ಇರುವ ನಿಜವಾದ ಮೂಲ, ಕೆಲಸ ಏನು, ಶುರುವಾದ ಮತ್ತು ಮುಗಿದ ತಿಂಗಳು, ಮೊತ್ತ, ದುಡ್ಡು ಹೋದದ್ದು ಯಾರ ಖಾತೆಗೆ, ಯಾವ್ಯಾವ ಫಾರಂನಲ್ಲಿ ಹೇಳಿದ್ದೇನೆ.

ಎರಡನೇ ಕಾಲಂ ಯಾಕೆ ಬೇಕು ಅನ್ನುವುದನ್ನು ನಾನು ಮುಜುಗರಪಟ್ಟು ಕಲಿತೆ. ಒಮ್ಮೆ ಒಂದು ವಿಚಾರ ಸಂಕಿರಣದಲ್ಲಿ ಮಾತಾಡಿದ್ದಕ್ಕೆ ಗೌರವಧನ ಬಂದಿತ್ತು. ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಇದ್ದದ್ದು ಕಾರ್ಯಕ್ರಮ ಆಯೋಜಿಸುವ ಏಜೆನ್ಸಿಯ ಹೆಸರು. ಏಜೆನ್ಸಿಗೂ ಆರೋಗ್ಯಕ್ಕೂ ಏನು ಸಂಬಂಧ ಅಂದುಕೊಂಡು ಬಿಟ್ಟೆ. ಆಗ ನಾನಿದ್ದ ಸಲಹಾ ಸಮಿತಿಯ ಎರಡನೇ ಸಭೆಯಲ್ಲಿ ಪಕ್ಕದಲ್ಲಿ ಕೂತಿದ್ದವರು ಮೊಬೈಲಿನಲ್ಲಿ ಒಂದು ಫೋಟೋ ತೋರಿಸಿದರು. ನಾನು ಮೈಕ್ ಹಿಡಿದು ನಿಂತಿದ್ದೇನೆ, ತಲೆಯ ಮೇಲೆ ಒಂದು ಉಪಕರಣ ಕಂಪನಿಯ ಲೋಗೋ, ನನ್ನ ಮುಖಕ್ಕಿಂತ ದೊಡ್ಡದು. ಅದೇ ಕಂಪನಿಯ ಉಪಕರಣ ಅವತ್ತಿನ ಅಜೆಂಡಾದಲ್ಲಿತ್ತು. ಸುಮ್ನೆ ಮರೆತದ್ದು ಅಂತ ನನಗೆ ಗೊತ್ತು. ಆ ಕೋಣೆಯಲ್ಲಿದ್ದ ಉಳಿದವರಿಗೆ ಅದು ಹೇಗೆ ಗೊತ್ತಾಗಬೇಕು?

ಈಗ ಸ್ಟೇಟ್‌ಮೆಂಟ್ ಮತ್ತು ಕ್ಯಾಲೆಂಡರ್ ಅಕ್ಕಪಕ್ಕ ಇಟ್ಟುಕೊಂಡು ಸಾಲು ಸಾಲಾಗಿ ನೋಡಿ. ಸಂಬಳ, ಸಲಹಾ ಶುಲ್ಕ ಸುಲಭವಾಗಿ ಸಿಗುತ್ತವೆ. ತಪ್ಪಿಸಿಕೊಳ್ಳುವವು ಬೇರೆ.

ಪ್ರಯಾಣ ಮತ್ತು ವಸತಿ. ಟಿಕೆಟ್ ಕಂಪನಿಯೇ ಕೊಂಡಿರುತ್ತದೆ, ನಿಮ್ಮ ಖಾತೆಯಲ್ಲಿ ಏನೂ ಕಾಣುವುದಿಲ್ಲ. ಕ್ಯಾಲೆಂಡರ್‌ನಲ್ಲಿ ಹೊರಗೆ ಹೋದ ದಿನಗಳನ್ನು ಗುರುತು ಮಾಡಿ, ಪ್ರತಿಯೊಂದರ ಪಕ್ಕ ಖರ್ಚು ಯಾರದು ಅಂತ ಬರೆಯಿರಿ.

ಗಂಟೆಗಿಷ್ಟು ಅಂತ ಕೊಡುವ ಫೋನ್ ಸಲಹೆ. ಹೂಡಿಕೆದಾರರಿಗೆ ತಜ್ಞರನ್ನು ಜೋಡಿಸಿಕೊಡುವ ಮಧ್ಯವರ್ತಿ ಸಂಸ್ಥೆಗಳು ಇವೆ. ಆ ಕಡೆ ಮಾತಾಡಿದವರು ಯಾರು ಅಂತ ನಿಮಗೆ ಹೇಳದೆಯೂ ಇರಬಹುದು. ಮಧ್ಯವರ್ತಿಯ ಹೆಸರು, ಮಾತಿನ ವಿಷಯ, ದಿನಾಂಕ ಬರೆಯಿರಿ. ಸರ್ಕಾರಿ ಸಂಸ್ಥೆಗೆ ಸಲಹೆ ಕೊಡುತ್ತಿರುವಷ್ಟು ದಿನ ಅದೇ ವಿಷಯದಲ್ಲಿ ಇಂಥ ಕರೆ ಒಪ್ಪಿಕೊಳ್ಳಲೇಬೇಡಿ ಅನ್ನುವುದು ನನ್ನ ಮಾತು. ಅಲ್ಲಿ ಹಿತಾಸಕ್ತಿಯ ಪ್ರಶ್ನೆಯ ಜೊತೆಗೆ ಒಳಗಿನ ಮಾಹಿತಿ ಸೋರಿಕೆಯ ಪ್ರಶ್ನೆಯೂ ಬರುತ್ತದೆ.

ಸ್ಟಾರ್ಟಪ್ ಕೊಟ್ಟ ಷೇರು ಅಥವಾ ಸ್ಟಾಕ್ ಆಪ್ಷನ್, ಅಂದರೆ ಮುಂದೆ ನಿಗದಿತ ಬೆಲೆಗೆ ಷೇರು ಕೊಳ್ಳುವ ಹಕ್ಕು. "ಇವತ್ತಿಗೆ ಅದರ ಬೆಲೆ ಸೊನ್ನೆ" ಅಂತ ಬಿಟ್ಟುಬಿಡುತ್ತಾರೆ. ನಿಮ್ಮ ಸಲಹೆ ಜಾರಿಯಾದರೆ ನಾಳೆ ಅದರ ಬೆಲೆ ಸೊನ್ನೆ ಇರುವುದಿಲ್ಲ. ಬರೆಯಿರಿ.

ಮ್ಯೂಚುವಲ್ ಫಂಡ್. ಎಲ್ಲ ವಲಯಗಳಲ್ಲೂ ಹಂಚಿ ಹಾಕಿದ ಫಂಡಿಗೆ ಅಮೆರಿಕದ ನಿಯಮ ವಿನಾಯಿತಿ ಕೊಡುತ್ತದೆ. ಆರೋಗ್ಯ ವಲಯಕ್ಕೇ ಮೀಸಲಾದ ಫಂಡ್ ಬೇರೆ ಮಾತು, ಅದಕ್ಕೆ ಮೊತ್ತದ ಮಿತಿ ಇದೆ. ನೀವು ಸಲಹೆ ಕೊಡುವ ಸಂಸ್ಥೆಯ ನಿಯಮ ಏನನ್ನುತ್ತದೆ ನೋಡಿಕೊಳ್ಳಿ.

ಸಂಸ್ಥೆಗೆ ಬಂದ ಸಂಶೋಧನಾ ಅನುದಾನ. "ದುಡ್ಡು ನನಗೆ ಬಂದಿಲ್ಲ, ವಿಭಾಗಕ್ಕೆ ಬಂತು" ಅನ್ನುವುದು ನಾನು ಅತಿ ಜಾಸ್ತಿ ಕೇಳಿದ ಸಮರ್ಥನೆ. ಆ ದುಡ್ಡಿನಿಂದ ನಿಮ್ಮ ಸಹಾಯಕರ ಸಂಬಳ ಹೋಗುತ್ತದೆ, ನಿಮ್ಮ ಪ್ರಬಂಧ ಬರುತ್ತದೆ. ಆರನೇ ಕಾಲಂ ಇರುವುದೇ ಇದಕ್ಕೆ: ಸಂಸ್ಥೆಯ ಖಾತೆ ಅಂತ ಬರೆದು ಸಾಲು ಸೇರಿಸಿ.

ದುಡ್ಡಿಲ್ಲದ ಹಿತಾಸಕ್ತಿ. ಚಿಕಿತ್ಸೆಯ ಮಾರ್ಗಸೂಚಿ ರೂಪಿಸುವ ಬ್ರಿಟನ್ನಿನ ನೈಸ್ ಸಂಸ್ಥೆ ತನ್ನ ಸಲಹಾ ಸಮಿತಿಗಳಿಗೆ ಹಣದ ಹಿತಾಸಕ್ತಿ ಒಂದು, ಹಣವಿಲ್ಲದ ವೃತ್ತಿಪರ ಮತ್ತು ವೈಯಕ್ತಿಕ ಹಿತಾಸಕ್ತಿ ಇನ್ನೊಂದು, ನಿಮ್ಮ ಹತ್ತಿರದವರ ಮೂಲಕ ಬರುವ ಪರೋಕ್ಷ ಹಿತಾಸಕ್ತಿ ಮತ್ತೊಂದು ಅಂತ ವಿಂಗಡಿಸುತ್ತದೆ. ವೃತ್ತಿ ಸಂಘದ ಪದಾಧಿಕಾರಿ ಸ್ಥಾನ, ರೋಗಿಗಳ ಸಂಘದ ಟ್ರಸ್ಟಿ ಸ್ಥಾನ, ನ್ಯಾಯಾಲಯದಲ್ಲಿ ಒಂದು ಕಡೆಯ ಪರ ಕೊಟ್ಟ ತಜ್ಞ ಸಾಕ್ಷ್ಯ, ಇದೇ ವಿಷಯದ ಬಗ್ಗೆ ಬಹಿರಂಗವಾಗಿ ತೆಗೆದುಕೊಂಡ ಖಚಿತ ನಿಲುವು, ಎಲ್ಲವೂ ಬರಬೇಕು. ರೋಗಿಗಳ ಸಂಘಕ್ಕೆ ಹಣ ಎಲ್ಲಿಂದ ಬರುತ್ತದೆ ಅಂತಲೂ ಕೇಳಿನೋಡಿ. ಎಷ್ಟೋ ಸಲ ಎರಡನೇ ಕಾಲಂನಲ್ಲಿ ಔಷಧ ಕಂಪನಿಯ ಹೆಸರು ಬರುತ್ತದೆ.

ಅಮೆರಿಕದಲ್ಲಿ ವೃತ್ತಿ ಮಾಡುವ ವೈದ್ಯರಿಗೆ ಇನ್ನೊಂದು ಸಾಧನ ಇದೆ. 2010ರ ಸನ್‌ಶೈನ್ ಕಾಯ್ದೆಯ ಪ್ರಕಾರ ಔಷಧ, ಉಪಕರಣ ತಯಾರಕರು ವೈದ್ಯರಿಗೆ ಕೊಟ್ಟದ್ದನ್ನು ಸರ್ಕಾರಕ್ಕೆ ವರದಿ ಮಾಡಬೇಕು. ಅದು 2014ರಿಂದ ಓಪನ್ ಪೇಮೆಂಟ್ಸ್ ತಾಣದಲ್ಲಿ ಎಲ್ಲರಿಗೂ ಕಾಣುತ್ತದೆ. ಸಲ್ಲಿಸುವ ಮುನ್ನ ಅಲ್ಲಿ ನಿಮ್ಮ ಹೆಸರು ಹುಡುಕಿ. ಪತ್ರಕರ್ತರು ನಿಮಗಿಂತ ಮೊದಲು ಹುಡುಕಿರುತ್ತಾರೆ. ತಪ್ಪು ನಮೂದಾಗಿದ್ದರೆ ಪ್ರತಿ ವರ್ಷ ಪ್ರಕಟಣೆಗೆ ಮೊದಲು ಆಕ್ಷೇಪಿಸಲು 45 ದಿನ ಸಿಗುತ್ತದೆ.

ಹಂತ 4: ನಿಮ್ಮ ಸಂಸ್ಥೆಯ ಲೆಕ್ಕವನ್ನು ಬೇರೆ ತೆಗೆಯಿರಿ

ನೀವೊಬ್ಬರೇ ಕೆಲಸ ಮಾಡುವವರಾದರೆ ಈ ಹಂತ ದಾಟಿ. ಕನ್ಸಲ್ಟಿಂಗ್ ಸಂಸ್ಥೆಯ ಪರವಾಗಿ ಬಂದಿದ್ದರೆ ನಿಮ್ಮ ಜೇಬು ಸ್ವಚ್ಛವಾಗಿದ್ದರೆ ಸಾಲದು. ಪಕ್ಕದ ಕೋಣೆಯ ಸಹೋದ್ಯೋಗಿ ಇದೇ ವಿಷಯದಲ್ಲಿ ಕಂಪನಿಗೆ ಕೆಲಸ ಮಾಡುತ್ತಿರಬಹುದು.

ಅಮೆರಿಕದ ಸರ್ಕಾರಿ ಗುತ್ತಿಗೆ ವ್ಯವಹಾರದಲ್ಲಿ ಸಂಸ್ಥೆಯ ಸಂಘರ್ಷವನ್ನು ಮೂರು ಬಗೆಯಾಗಿ ನೋಡುತ್ತಾರೆ. ಯಾವ ದೇಶದಲ್ಲಿದ್ದರೂ ಈ ಮೂರು ಪ್ರಶ್ನೆ ಕೇಳಿಕೊಳ್ಳಬಹುದು. ಟೆಂಡರಿನ ನಿಯಮ ಬರೆಯುವವರೇ ಆ ಟೆಂಡರಿಗೆ ಅರ್ಜಿ ಹಾಕುವ ಸ್ಥಿತಿ ಇದೆಯಾ? ನಮ್ಮದೇ ಕೆಲಸವನ್ನೋ ನಮ್ಮ ಗಿರಾಕಿಯ ಕೆಲಸವನ್ನೋ ನಾವೇ ಮೌಲ್ಯಮಾಪನ ಮಾಡಬೇಕಾಗಿದೆಯಾ? ಈ ಕೆಲಸದಲ್ಲಿ ಸಿಗುವ ಒಳಗಿನ ಮಾಹಿತಿ ಮುಂದಿನ ಸ್ಪರ್ಧೆಯಲ್ಲಿ ನಮಗೆ ಅನುಕೂಲವಾಗುತ್ತದೆಯಾ?

ವಿಶ್ವ ಬ್ಯಾಂಕಿನ ಖರೀದಿ ನಿಯಮಗಳೂ ಇದನ್ನು ಗಟ್ಟಿಯಾಗಿ ಹಿಡಿಯುತ್ತವೆ. ಒಂದು ಯೋಜನೆಯ ತಯಾರಿಗೆ ಸಲಹೆ ಕೊಟ್ಟ ಸಂಸ್ಥೆ ಆ ಸಲಹೆಯಿಂದ ಹುಟ್ಟುವ ಸಾಮಗ್ರಿ ಪೂರೈಕೆಗೆ ಬರುವಂತಿಲ್ಲ. ಹಾಗಾಗಿ ಸಣ್ಣ ಸಲಹಾ ಕೆಲಸ ಒಪ್ಪಿಕೊಂಡು ಆಮೇಲೆ ದೊಡ್ಡ ಟೆಂಡರ್ ಕಳೆದುಕೊಂಡವರು ಇದ್ದಾರೆ. ಸಹಿ ಹಾಕುವ ಮೊದಲೇ ಲೆಕ್ಕ ಹಾಕಿ.

ನಿಮ್ಮ ಕಾನೂನು ವಿಭಾಗಕ್ಕೆ ಇಮೇಲ್ ಕಳಿಸಿ ಹಂತ 1ರ ಪಟ್ಟಿಯನ್ನು ಲಗತ್ತಿಸಿ. "ಈ ಹೆಸರುಗಳಲ್ಲಿ ಯಾರಾದರೂ ಹಿಂದಿನ ಐದು ವರ್ಷದಲ್ಲಿ ನಮ್ಮ ಗಿರಾಕಿಗಳೇ?" ಅಂತ ಕೇಳಿ. ಉತ್ತರ ಇಮೇಲಿನಲ್ಲೇ ಬರಲಿ. "ಒಳಗೊಳಗೆ ಗೋಡೆ ಹಾಕಿದ್ದೇವೆ, ತಂಡಗಳು ಬೇರೆ ಬೇರೆ" ಅನ್ನುವ ಉತ್ತರ ಬಂದರೆ ಅದನ್ನೂ ಘೋಷಣೆಯಲ್ಲಿ ಬರೆಯಿರಿ. ಗೋಡೆ ಇದೆ ಅಂತ ಗಿರಾಕಿಯ ಹೆಸರನ್ನೇ ನುಂಗಿಹಾಕುವುದು ಬೇಡ.

ಹಂತ 5: ಗೌಪ್ಯತೆ ಒಪ್ಪಂದದ ಗಂಟು ಬಿಡಿಸಿ

ಓದುಗರಿಂದ ಅತಿ ಹೆಚ್ಚು ಬರುವ ಪ್ರಶ್ನೆ ಇದು. "ಕಂಪನಿಯ ಹೆಸರು ಹೇಳಬಾರದು ಅಂತ ಸಹಿ ಮಾಡಿದ್ದೇನೆ. ಫಾರಂ ಹೆಸರು ಕೇಳುತ್ತಿದೆ. ಏನು ಮಾಡಲಿ?"

ಏನು ಮಾಡಬಾರದು ಅನ್ನುವುದನ್ನು ಮೊದಲು ಹೇಳುತ್ತೇನೆ. "ಇಲ್ಲ" ಅಂತ ಬರೆಯಬಾರದು. ಖಾಲಿಯನ್ನೂ ಬಿಡಬಾರದು.

ಒಪ್ಪಂದವನ್ನು ನಿಧಾನವಾಗಿ ಓದಿ. ಎಷ್ಟೋ ಒಪ್ಪಂದಗಳು ಕೆಲಸದ ಒಳವಿವರವನ್ನು ಮುಚ್ಚಿಡಲು ಹೇಳುತ್ತವೆ, ಸಂಬಂಧ ಇತ್ತು ಅನ್ನುವುದನ್ನಲ್ಲ. ಕಾನೂನಿನ ಪ್ರಕಾರ ಹೇಳಲೇಬೇಕಾದದ್ದಕ್ಕೆ ವಿನಾಯಿತಿ ಕೊಡುವ ಒಂದು ಸಾಲೂ ಸಾಮಾನ್ಯವಾಗಿ ಇರುತ್ತದೆ. ಅದು ಸಿಕ್ಕಿದರೆ ಸಮಸ್ಯೆ ಅಲ್ಲಿಗೆ ಮುಗಿಯಿತು.

ಸಿಗಲಿಲ್ಲವಾ? ಕಂಪನಿಗೆ ಬರೆಯಿರಿ: "ಸರ್ಕಾರಿ ಸಲಹಾ ಕೆಲಸಕ್ಕೆ ನನ್ನ ಹಿತಾಸಕ್ತಿ ಘೋಷಿಸಬೇಕಾಗಿದೆ. ನಿಮ್ಮ ಹೆಸರು, ಕೆಲಸದ ಬಗೆ, ಅವಧಿ, ಮೊತ್ತ ಇಷ್ಟನ್ನು ತಿಳಿಸಲು ಲಿಖಿತ ಒಪ್ಪಿಗೆ ಕೊಡಿ." ಕಂಪನಿಗಳು ಬಹುತೇಕ ಒಪ್ಪುತ್ತವೆ.

ಒಪ್ಪದಿದ್ದರೆ ಸಂಸ್ಥೆಯ ಕಾರ್ಯದರ್ಶಿಗೆ ಅದನ್ನೇ ಹೇಳಿ: "ಈ ವಿಷಯಕ್ಕೆ ಸಂಬಂಧಿಸಿದ ಒಬ್ಬ ಗಿರಾಕಿ ಇದ್ದಾರೆ. ಹೆಸರು ಹೇಳಲು ಅವರ ಒಪ್ಪಿಗೆ ಇಲ್ಲ." ಅವರು ಸಾಕು ಅನ್ನಬಹುದು, ಸಾಲದು ಅನ್ನಬಹುದು. ಸಾಲದು ಅಂದರೆ ನಿಮ್ಮ ಮುಂದೆ ಇರುವ ದಾರಿ ಒಂದೇ, ಈ ಕೆಲಸ ಬಿಡುವುದು. ಕಷ್ಟ, ಗೊತ್ತು. ಆದರೆ ಹೆಸರು ಮುಚ್ಚಿಟ್ಟು ಸೇರಿದರೆ ಒಂದು ದಿನ ಎರಡೂ ಕೆಲಸ ಹೋಗುತ್ತವೆ.

ಹಂತ 6: ಬರೆಯಿರಿ, ವಕಾಲತ್ತು ಬೇಡ

ಈಗ ಫಾರಂ ತೆರೆಯಿರಿ. ಪ್ರತಿ ನಮೂದಿನಲ್ಲಿ ಐದು ಸಂಗತಿ ಇರಲಿ: ಯಾರು, ಏನು ಕೆಲಸ, ಯಾವಾಗಿಂದ ಯಾವಾಗಿನವರೆಗೆ, ಎಷ್ಟು, ಈಗ ಮುಗಿದಿದೆಯಾ ಇಲ್ವಾ.

ವಾಪಸ್ ಬರುವ ನಮೂದು ಹೀಗಿರುತ್ತದೆ: "ಹಿಂದೆ ಕೆಲವು ಕಂಪನಿಗಳಿಗೆ ಅಲ್ಪ ಪ್ರಮಾಣದಲ್ಲಿ ಶೈಕ್ಷಣಿಕ ಸಲಹೆ ನೀಡಿದ್ದು, ಇದು ಪ್ರಸ್ತುತ ಕೆಲಸದ ಮೇಲೆ ಯಾವುದೇ ಪ್ರಭಾವ ಬೀರುವುದಿಲ್ಲ." ಯಾವ ಕಂಪನಿ? ಎಷ್ಟು ಅಲ್ಪ? ಯಾವಾಗ? ಒಂದಕ್ಕೂ ಉತ್ತರ ಇಲ್ಲ. ಕೇಳದ ತೀರ್ಪು ಮಾತ್ರ ಇದೆ.

ಅದನ್ನೇ ಹೀಗೆ ಬರೆಯಬಹುದು: "ಡಯಾಲಿಸಿಸ್ ಯಂತ್ರ ತಯಾರಿಸುವ ಇಂಥ ಕಂಪನಿಗೆ 2023ರ ಮಾರ್ಚ್‌ನಿಂದ 2024ರ ಜನವರಿವರೆಗೆ ನರ್ಸ್‌ಗಳ ತರಬೇತಿ ಕೈಪಿಡಿ ಬರೆಯಲು ಸಲಹೆಗಾರಳಾಗಿದ್ದೆ. ಒಟ್ಟು ಶುಲ್ಕ ಇಷ್ಟು, ನನ್ನ ವೈಯಕ್ತಿಕ ಖಾತೆಗೆ. ಒಂದು ಸಭೆಗೆ ವಿಮಾನ ಟಿಕೆಟ್ ಮತ್ತು ಎರಡು ರಾತ್ರಿಯ ವಸತಿ ಕಂಪನಿಯದು. ಕರಾರು ಮುಗಿದಿದೆ, ಮುಂದುವರಿಸುವ ಮಾತುಕತೆ ಇಲ್ಲ." ಎರಡನೆಯದನ್ನು ಓದಿದ ಅಧಿಕಾರಿ ಮತ್ತೆ ಫೋನ್ ಮಾಡಬೇಕಾಗಿಲ್ಲ.

ಈ ಪದಗಳು ಕಂಡರೆ ಅಳಿಸಿ: ಅಲ್ಪ, ಕೆಲವು, ಹಿಂದೆ, ನಾಮಮಾತ್ರ, ಶೈಕ್ಷಣಿಕ. ಕೊನೆಯದರ ಮೇಲೆ ನನಗೆ ವಿಶೇಷ ಅನುಮಾನ. ಕಂಪನಿಯ ದುಡ್ಡಿನಲ್ಲಿ ನಡೆದದ್ದಕ್ಕೆಲ್ಲ ಆ ಹೆಸರು ಹಚ್ಚುವ ರೂಢಿ ಬಂದುಬಿಟ್ಟಿದೆ.

ಯಾವ ಪ್ರಶ್ನೆಯನ್ನೂ ಖಾಲಿ ಬಿಡಬೇಡಿ. ಏನೂ ಇಲ್ಲದಿದ್ದರೆ "ಇಲ್ಲ" ಅಂತ ಬರೆಯಿರಿ. ಸಂಶಯ ಇದ್ದರೆ ಬರೆದುಬಿಡಿ. ಜಾಸ್ತಿ ಬರೆದದ್ದಕ್ಕೆ ಯಾರನ್ನೂ ತೆಗೆದುಹಾಕಿದ್ದು ನಾನು ನೋಡಿಲ್ಲ. ಆದರೆ ಇಪ್ಪತ್ತು ಪುಟ ತುಂಬಿಸಿ ಮುಖ್ಯವಾದದ್ದನ್ನು ಹದಿನೇಳನೇ ಪುಟದಲ್ಲಿ ಹೂತಿಡುವ ಚಾಣಾಕ್ಷತನವೂ ಇದೆ, ಪರಿಶೀಲಿಸುವವರಿಗೆ ಅದು ಗೊತ್ತಿದೆ. ಹಂತ 1ರ ಪಟ್ಟಿಯಲ್ಲಿರುವ ಹೆಸರುಗಳು ಮೊದಲು ಬರಲಿ, ಉಳಿದವು ಆಮೇಲೆ.

ಹಂತ 7: ಕರಾರಿಗೆ ಸಹಿ ಹಾಕುವ ಮೊದಲೇ ಸಲ್ಲಿಸಿ, ಉತ್ತರ ಬರಹದಲ್ಲಿ ಪಡೆಯಿರಿ

ಕ್ರಮ ಮುಖ್ಯ. ಘೋಷಣೆ ಮೊದಲು, ಸಂಸ್ಥೆಯ ತೀರ್ಮಾನ ಆಮೇಲೆ, ಕಡತಗಳು ಕೊನೆಗೆ. ಗೌಪ್ಯ ಕಡತ ಓದಿಯಾದ ಮೇಲೆ "ಅಯ್ಯೋ, ನನಗೆ ಈ ಕಂಪನಿಯ ಸಂಬಂಧ ಇದೆ" ಅಂದರೆ ಓದಿದ್ದನ್ನು ಮರೆಯಲು ಆಗುವುದಿಲ್ಲ.

ಫೋನಿನಲ್ಲೋ ಕಾರಿಡಾರಿನಲ್ಲೋ ಹೇಳಿದ್ದು ಘೋಷಣೆ ಅಲ್ಲ. ಹೇಳಿಸಿಕೊಂಡ ಅಧಿಕಾರಿ ವರ್ಗವಾಗಿ ಹೋಗುತ್ತಾರೆ. ಇಮೇಲ್ ಮಾಡಿ, ತಲುಪಿದ್ದಕ್ಕೆ ಸ್ವೀಕೃತಿ ಕೇಳಿ, ತೀರ್ಮಾನವನ್ನೂ ಬರಹದಲ್ಲಿ ಕೇಳಿ.

ತೀರ್ಮಾನ ನಾಲ್ಕೈದು ರೀತಿ ಇರಬಹುದು. ಏನೂ ತೊಂದರೆಯಿಲ್ಲ, ಭಾಗವಹಿಸಿ. ಭಾಗವಹಿಸಿ, ಆದರೆ ಹಿತಾಸಕ್ತಿ ಸಭೆಗೆ ತಿಳಿದಿರಲಿ. ಪ್ರಶ್ನೆಗಳಿಗೆ ಉತ್ತರ ಕೊಡಿ, ಚರ್ಚೆ ಮತ್ತು ಮತದಾನದಿಂದ ದೂರವಿರಿ. ಆ ವಿಷಯ ಬಂದಾಗ ಹೊರಗೆ ಹೋಗಿ. ಷೇರು ಮಾರಿ ಬನ್ನಿ, ಇಲ್ಲವೇ ಬರಬೇಡಿ. ಯಾವುದೇ ಬರಲಿ, ಅದನ್ನು ಅವಮಾನ ಅಂತ ತೆಗೆದುಕೊಳ್ಳಬೇಡಿ.

ಇಲ್ಲಿನ ಎಚ್ಚರಿಕೆಯ ಲಕ್ಷಣ: ಘೋಷಣೆ ಕೊಟ್ಟು ವಾರಗಳಾದರೂ ಉತ್ತರ ಇಲ್ಲ, ಆದರೆ ಕೆಲಸ ಶುರು ಮಾಡಿ ಅನ್ನುತ್ತಿದ್ದಾರೆ. ಫೈಲ್ ಯಾರೂ ಓದಿಲ್ಲ ಅಂತ ಅರ್ಥ. ನೆನಪಿನ ಪತ್ರ ಬರೆಯಿರಿ. ಹೇಳುವುದು ಅರ್ಧ ಕೆಲಸ, ಅದರ ಮೇಲೆ ಯಾರೋ ಒಬ್ಬರು ನಿರ್ಧಾರ ಮಾಡಿದಾಗಲೇ ಪೂರ್ತಿ.

ಹಂತ 8: ಸಭೆಯ ದಿನ

ಅಧ್ಯಕ್ಷರು ಕೇಳಲಿ ಬಿಡಲಿ, ಆ ವಿಷಯ ಬರುವ ಮೊದಲು ಒಂದು ಮಾತಿನಲ್ಲಿ ಹೇಳಿ. ಹೊರಗೆ ಹೋಗಬೇಕಾದರೆ ನಿಜವಾಗಿ ಎದ್ದು ಹೋಗಿ. ಗೋಡೆ ಬದಿಯ ಕುರ್ಚಿಗೆ ಜರುಗುವುದು ಹೊರಗೆ ಹೋದಂತಲ್ಲ. ಆನ್‌ಲೈನ್ ಸಭೆಯಲ್ಲಿ ಕ್ಯಾಮೆರಾ, ಮೈಕ್ ಆಫ್ ಮಾಡಿ ಕೇಳುತ್ತಾ ಕೂರುವುದೂ ಅಲ್ಲ. ಮೀಟಿಂಗಿನಿಂದ ಹೊರಬಂದು ವೇಟಿಂಗ್ ರೂಮಿನಲ್ಲಿರಿ. ಆ ವಿಷಯದ ಕಡತವನ್ನೂ ನಿಮಗೆ ಕಳಿಸಬಾರದು. ಕಳಿಸಿದ್ದರೆ ತೆರೆಯದೆ ಕಾರ್ಯದರ್ಶಿಗೆ ತಿಳಿಸಿ.

ಊಟದ ವಿರಾಮದಲ್ಲಿ "ಏನು ತೀರ್ಮಾನ ಆಯಿತು?" ಅಂತ ಕೇಳಬೇಡಿ. ಕೇಳಿದರೆ ಹೊರಗೆ ಹೋದದ್ದು ದಂಡ.

ನಡಾವಳಿ ಬಂದಾಗ ಮೂರು ಸಂಗತಿ ನೋಡಿ: ನೀವು ಹೇಳಿದ್ದು ದಾಖಲಾಗಿದೆಯಾ, ಹೊರಗೆ ಹೋದ ಸಮಯ ಇದೆಯಾ, ವಾಪಸ್ ಬಂದ ಸಮಯ ಇದೆಯಾ. ಇಲ್ಲದಿದ್ದರೆ ತಿದ್ದುಪಡಿ ಕೇಳಿ.

ಹಂತ 9: ಉಲ್ಟಾ ದಿಕ್ಕಿನಲ್ಲೂ ಹೇಳಿ

ಈ ಹಂತವನ್ನು ಹೆಚ್ಚಿನ ಫಾರಂಗಳು ಕೇಳುವುದೇ ಇಲ್ಲ. ನೀವು ಸರ್ಕಾರದಿಂದ ದುಡ್ಡು ಪಡೆಯುತ್ತಿದ್ದೀರಿ. ಅದೇ ಸರ್ಕಾರದ ಆರೋಗ್ಯ ನೀತಿಯ ಬಗ್ಗೆ ಪತ್ರಿಕೆಗೆ ಲೇಖನ ಬರೆಯುತ್ತೀರಿ, ಟಿವಿಯಲ್ಲಿ ಕೂರುತ್ತೀರಿ. ಪರದೆಯ ಕೆಳಗೆ "ಸ್ವತಂತ್ರ ತಜ್ಞ" ಅಂತ ಬರುತ್ತದೆ. ನೋಡುವವರಿಗೆ ನಿಮ್ಮ ಕರಾರಿನ ವಿಷಯ ಗೊತ್ತಿಲ್ಲ.

ಇದು ದೊಡ್ಡ ಸುದ್ದಿಯಾದದ್ದು ಅಮೆರಿಕದಲ್ಲಿ. ಎಂಐಟಿಯ ಅರ್ಥಶಾಸ್ತ್ರಜ್ಞ ಜೊನಾಥನ್ ಗ್ರೂಬರ್ ಆರೋಗ್ಯ ಸುಧಾರಣೆಯ ಪರವಾಗಿ ಬರೆಯುತ್ತಿದ್ದರು, ಪತ್ರಕರ್ತರು ಅವರ ಮಾತನ್ನು ಉಲ್ಲೇಖಿಸುತ್ತಿದ್ದರು. ಅಲ್ಲಿನ ಆರೋಗ್ಯ ಇಲಾಖೆಯೊಂದಿಗೆ ಅವರಿಗೆ ಹತ್ತಿರಹತ್ತಿರ 4 ಲಕ್ಷ ಡಾಲರ್‌ನ ಸಲಹಾ ಗುತ್ತಿಗೆ ಇತ್ತು ಅನ್ನುವುದು ಬಹಳ ಓದುಗರಿಗೆ ಗೊತ್ತಾದದ್ದು 2010ರ ಜನವರಿಯಲ್ಲಿ. ಅವರು ಹೇಳಿದ ಲೆಕ್ಕಾಚಾರ ಸರಿಯಿತ್ತೋ ಇಲ್ಲವೋ ಅನ್ನುವುದು ಆಮೇಲಿನ ಗದ್ದಲದಲ್ಲಿ ಹಿಂದೆ ಬಿತ್ತು. ಎಲ್ಲರೂ ಕೇಳಿದ್ದು ಗುತ್ತಿಗೆಯ ಬಗ್ಗೆ.

ಮಾಡಬೇಕಾದದ್ದು ಸರಳ. ಲೇಖನ ಕಳಿಸುವಾಗ, ಸಂದರ್ಶನ ಒಪ್ಪಿಕೊಳ್ಳುವಾಗ, ಶಾಸಕಾಂಗದ ಸಮಿತಿಯ ಮುಂದೆ ಹೋಗುವಾಗ ಮೊದಲ ಇಮೇಲಿನಲ್ಲೇ ಈ ಸಾಲು ಸೇರಿಸಿ: "ನಾನು ಇಂಥ ಇಲಾಖೆಗೆ ಇಂಥ ವಿಷಯದಲ್ಲಿ ಹಣ ಪಡೆದು ಸಲಹೆ ಕೊಡುತ್ತಿದ್ದೇನೆ. ದಯವಿಟ್ಟು ಇದನ್ನು ಪ್ರಕಟಿಸಿ." ಅವರು ಪ್ರಕಟಿಸಲಿಲ್ಲ ಅಂದರೂ ನಿಮ್ಮ ಹತ್ತಿರ ಇಮೇಲ್ ಇರುತ್ತದೆ. ಕೇಳಿದರೆ ಹೇಳೋಣ ಅಂತ ಕಾಯುವುದು ಬೇಡ. ಇದೆ ಅಂತಲೇ ಗೊತ್ತಿಲ್ಲದ್ದನ್ನು ಯಾರು ಕೇಳುತ್ತಾರೆ?

ಹಂತ 10: ಬದಲಾದ ವಾರವೇ ತಿದ್ದಿ

ವರ್ಷಕ್ಕೊಮ್ಮೆ ತುಂಬಿದರೆ ಮುಗಿಯಿತು ಅಂತ ತಿಳಿಯಬೇಡಿ. ಹೊಸ ಕರಾರು ಬಂದರೆ, ಷೇರು ಕೊಂಡರೆ, ಸಂಗಾತಿಗೆ ಆ ಕ್ಷೇತ್ರದ ಕಂಪನಿಯಲ್ಲಿ ಕೆಲಸ ಸಿಕ್ಕಿದರೆ, ಅಥವಾ ಕಂಪನಿಯೊಂದು "ನಮ್ಮಲ್ಲಿ ಒಂದು ಹುದ್ದೆ ಇದೆ, ಮಾತಾಡೋಣವೇ?" ಅಂತ ಇಮೇಲ್ ಮಾಡಿದರೆ, ಆ ವಾರದಲ್ಲೇ ತಿಳಿಸಿ. ಕೊನೆಯದಕ್ಕೆ ನೀವು "ಆಗಲಿ" ಅಂತ ಉತ್ತರಿಸುವ ಮುನ್ನವೇ ತಿಳಿಸಿದರೆ ಇನ್ನೂ ಒಳ್ಳೆಯದು. ತಿಂಗಳ ಮೊದಲ ದಿನಕ್ಕೆ ಮೊಬೈಲಿನಲ್ಲಿ ಒಂದು ರಿಮೈಂಡರ್ ಹಾಕಿ, ಹತ್ತು ನಿಮಿಷ ರಿಜಿಸ್ಟರ್ ನೋಡಿ.

ಬಿಟ್ಟುಹೋಗಿದ್ದು ಈಗ ಗೊತ್ತಾದರೆ

ಗೊತ್ತಾದ ದಿನವೇ ಬರೆಯಿರಿ. ಬೇರೆಯವರು ಹುಡುಕಿದ ಮೇಲೆ ಬರೆದ ಪತ್ರಕ್ಕೂ ನೀವಾಗಿ ಬರೆದ ಪತ್ರಕ್ಕೂ ತೂಕ ಬೇರೆ. ಉದ್ದ ಬೇಡ, ಕ್ಷಮೆಯ ಮೇಲೆ ಕ್ಷಮೆ ಬೇಡ. ಆ ಲೋಗೋ ಪ್ರಕರಣದ ಸಂಜೆ ನಾನು ಕಾರ್ಯದರ್ಶಿಗೆ ಬರೆದದ್ದು ಹೆಚ್ಚುಕಡಿಮೆ ಹೀಗಿತ್ತು:

"ನನ್ನ ಘೋಷಣೆಯಲ್ಲಿ ಒಂದು ನಮೂದು ಬಿಟ್ಟುಹೋಗಿದೆ. ಇಂಥ ತಿಂಗಳು ಇಂಥ ಕಾರ್ಯಕ್ರಮದಲ್ಲಿ ಮಾತಾಡಿದ್ದಕ್ಕೆ ಇಷ್ಟು ಗೌರವಧನ ಪಡೆದಿದ್ದೇನೆ. ಹಣ ಬಂದದ್ದು ಆಯೋಜಕ ಏಜೆನ್ಸಿಯಿಂದ, ಪ್ರಾಯೋಜಕರು ಇಂಥ ಕಂಪನಿ. ಈ ಕಂಪನಿಯ ಉಪಕರಣ ಕುರಿತ ಮೊದಲ ಸಭೆಯ ಚರ್ಚೆಯಲ್ಲಿ ನಾನು ಭಾಗವಹಿಸಿದ್ದೆ. ಆ ಭಾಗವನ್ನು ಮತ್ತೆ ಪರಿಶೀಲಿಸಬೇಕೇ ಎಂದು ತೀರ್ಮಾನಿಸಿ ತಿಳಿಸಿ. ಅಲ್ಲಿಯವರೆಗೆ ಈ ವಿಷಯದ ಸಭೆಗಳಿಗೆ ನಾನು ಬರುವುದಿಲ್ಲ."

ಮೊದಲ ಸಭೆಯ ಆ ಚರ್ಚೆಯನ್ನು ಅವರು ನಾನಿಲ್ಲದೆ ಮತ್ತೊಮ್ಮೆ ನಡೆಸಿದರು. ತೀರ್ಮಾನ ಏನಾಯಿತು ಅಂತ ನನಗೆ ಗೊತ್ತಾದದ್ದು ವರದಿ ಪ್ರಕಟವಾದಾಗ, ಉಳಿದ ಎಲ್ಲರ ಜೊತೆಗೆ.